ಮಿತಭಾಷಿಯನ್ನು ‘ಟ್ಯಾಸಿಟರ್ನ್’ ಎನ್ನಬಹುದೇ?

ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿಸುವ ನನ್ನನ್ನು, ವಿದೇಶದಲ್ಲಿ ಓದಲು ಅರ್ಜಿ ಹಾಕುವ ವಿದ್ಯಾರ್ಥಿಗಳೂ ಅವರಿಗೆ ಶಿಫಾರಸು ಪತ್ರ ಬರೆದುಕೊಡುವ ಮೇಷ್ಟರುಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಕಡಿಮೆ ಮಾತನಾಡುವವರನ್ನು ‘ಟ್ಯಾಸಿಟರ್ನ್’ ಎಂದು ಬಣ್ಣಿಸಬಹುದೇ? ಬಣ್ಣಿಸಬಹುದು, ಆದರೆ ಶಿಫಾರಸು ಪತ್ರದಲ್ಲಿ ಬೇಡ ಎಂಬುದು ನನ್ನ ಉತ್ತರ.

ಮಿತಭಾಷಿ ಎಂಬುದು ನಮ್ಮಲ್ಲಿ ಹೊಗಳಿಕೆ. ಆಡುವ ನಾಲ್ಕು ಮಾತನ್ನೂ ತೂಗಿ ಆಡುವವರೆಂಬ ಗೌರವ ಅದರೊಳಗಿದೆ. ಟ್ಯಾಸಿಟರ್ನ್‌ಗೆ ಆ ಗೌರವವಿಲ್ಲ. ಎದುರಿನವರು ಮಾತಿಗೆ ಎಳೆದರೂ ‘ಹೂಂ’, ‘ಇಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುವ, ಒಡನಾಟವೇ ಬೇಡವೇನೋ ಎನಿಸುವ ಸ್ವಭಾವವನ್ನು ಅದು ಸೂಚಿಸುತ್ತದೆ. ಹಾಗೆಂದು ಗುಮ್ಮನಗುಸಕ ಎನ್ನುವಷ್ಟು ದೂರ ಹೋಗಬೇಕಾಗಿಲ್ಲ. ಗುಮ್ಮನಗುಸಕನ ಮೌನದಲ್ಲಿ ಕಪಟದ ವಾಸನೆಯಿದೆ, ಟ್ಯಾಸಿಟರ್ನ್ ವ್ಯಕ್ತಿ ಏನನ್ನೋ ಬಚ್ಚಿಡುತ್ತಿರಬೇಕೆಂದಿಲ್ಲ. ನಾಚಿಕೆಯೂ ಬೇರೆ: ನಾಚುವವನಿಗೆ ಮಾತನಾಡುವ ಆಸೆಯಿದ್ದೂ ಧೈರ್ಯ ಸಾಲದು, ಇವನಿಗೆ ಧೈರ್ಯವಿದ್ದೂ ಮಾತು ಬೇಕಿಲ್ಲ. 1923ರಿಂದ 1929ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಡ್ಜ್‌ಗೆ ‘ಸೈಲೆಂಟ್ ಕ್ಯಾಲ್’ ಎಂಬ ಅಡ್ಡಹೆಸರು ಬಿದ್ದದ್ದು ಔತಣಕೂಟಗಳಲ್ಲಿ ಬಾಯಿ ಬಿಡದೆ ಕೂರುತ್ತಿದ್ದುದರಿಂದ. ಆದರೂ ಪತ್ರಕರ್ತರನ್ನು ಅವರು ನಿಯಮಿತವಾಗಿ ಭೇಟಿಯಾಗುತ್ತಿದ್ದರು.

ಹೆಚ್ಚು ಗೊಂದಲ ಹುಟ್ಟಿಸುವುದು ‘ರೆಟಿಸೆಂಟ್’. ಸುಮ್ಮನಿರು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಎರಡೂ ಬಂದಿದ್ದರೂ ಬಳಕೆಯಲ್ಲಿ ದಾರಿ ಬೇರೆಯಾಗಿವೆ. ಕ್ರಿಕೆಟ್ ಬಗ್ಗೆ ಗಂಟೆಗಟ್ಟಲೆ ಹರಟುವ ಸಹೋದ್ಯೋಗಿಯೊಬ್ಬರು ಸಂಬಳದ ಮಾತು ಬಂದೊಡನೆ ಕಾಫಿ ಲೋಟ ಹಿಡಿದು ಎದ್ದು ಹೋದರೆ, ಅವರು ಆ ವಿಷಯದಲ್ಲಿ ರೆಟಿಸೆಂಟ್, ಟ್ಯಾಸಿಟರ್ನ್ ಖಂಡಿತ ಅಲ್ಲ. ನಮ್ಮ ಆಫೀಸು ಮೇಲ್‌ಗಳಲ್ಲಿ ಹಿಂಜರಿಯುವುದಕ್ಕೆಲ್ಲ ‘ರೆಟಿಸೆಂಟ್ ಟು’ ಎಂದು ಬರೆಯುವುದನ್ನು ಕೆಲವು ನಿಘಂಟುಗಳು ಒಪ್ಪಿವೆ. ನಾನು ಇನ್ನೂ ಒಪ್ಪಿಲ್ಲ, ಅಲ್ಲಿ ‘ರಿಲಕ್ಟೆಂಟ್’ ಇರುವಾಗ ಇದೇಕೆ?

‘ಲಕಾನಿಕ್’ ಸ್ವಭಾವಕ್ಕಿಂತ ಚುಟುಕು ಮಾತಿನ ಶೈಲಿಗೆ ಸಲ್ಲುವ ಪದ. ಗೆದ್ದರೆ ನಿಮ್ಮನ್ನು ನಿರ್ನಾಮ ಮಾಡುತ್ತೇನೆಂದು ಬೆದರಿಸಿದ ಮ್ಯಾಸಿಡೋನಿಯದ ಫಿಲಿಪ್‌ಗೆ ಲಕೋನಿಯಾ ಸೀಮೆಯ ಸ್ಪಾರ್ಟನ್ನರು ‘ಗೆದ್ದರೆ’ ಎಂದಷ್ಟೇ ಉತ್ತರ ಕಳಿಸಿದರಂತೆ.

ಶಿಫಾರಸು ಪತ್ರಕ್ಕೆ ‘ರಿಸರ್ವ್ಡ್’ ಸಾಕು. ಅದಕ್ಕಿಂತ, ಈ ಹುಡುಗಿ ತಾನಾಗಿ ಮಾತಿಗಿಳಿಯುವುದು ಕಡಿಮೆ, ಕೇಳಿದರೆ ಮಾತ್ರ ಖಚಿತವಾಗಿ ಉತ್ತರಿಸುತ್ತಾಳೆ ಎಂದು ವಿವರಿಸಿ ಬರೆದರೆ ಆಯ್ಕೆ ಸಮಿತಿಗೆ ಹೆಚ್ಚು ತಿಳಿಯುತ್ತದೆ. ಟ್ಯಾಸಿಟರ್ನ್ ಅನ್ನು ಕಥೆಯ ಪಾತ್ರಕ್ಕೋ ಜೀವನಚರಿತ್ರೆಗೋ ಉಳಿಸಿಕೊಳ್ಳಿ. ಹೇಳುವಾಗ ಒತ್ತು ಮೊದಲ ಅಕ್ಷರದ ಮೇಲಿರಲಿ, ನಡುವೆ ಇರುವುದು ‘ಸಿ’, ‘ಕಿ’ ಅಲ್ಲ.