ಟಕ್ ಟಕ್ ಎನ್ನುವ ಡಿಸ್ಕು, ಹನ್ನೊಂದು ವರ್ಷದ ಇಮೇಲು

ಮಂಗಳೂರು ಬಂದರಿನ ಒಂದು ಗೇರುಬೀಜದ ಆಫೀಸಿನಿಂದ ಜುಲೈಯಲ್ಲಿ ಇಮೇಲ್ ಪ್ರೋಗ್ರಾಮ್ ಕೆಟ್ಟಿದೆ ಎಂದು ಫೋನ್ ಬಂತು. "ಔಟ್‌ಲುಕ್ ಓಪನ್ನೇ ಆಗ್ತಾ ಇಲ್ಲ ಮಾರಾಯ್ರೆ, ಎಲ್ಲ ಅದರಲ್ಲೇ ಉಂಟು." ಹೋದೆ. ಹೊರಗೆ ಜಡಿಮಳೆ, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತಂತೆ.

ಪಾಪ್ ಅಕೌಂಟು. ಮೇಲ್ ಇಳಿದ ಮೇಲೆ ಸರ್ವರ್‌ನಲ್ಲಿ ಏನೂ ಉಳಿಯದ ಹಾಗೆ ಸೆಟ್ ಮಾಡಿದ್ದರು. ಹನ್ನೊಂದು ವರ್ಷದ ವ್ಯವಹಾರ ಒಂದೇ ಪಿಎಸ್‌ಟಿ ಫೈಲಿನಲ್ಲಿ (ಔಟ್‌ಲುಕ್ ಮೇಲ್‌ಗಳನ್ನು ಕಂಪ್ಯೂಟರಿನಲ್ಲೇ ಕೂಡಿಡುವ ಫೈಲು), 14 ಜಿಬಿ. ಓಎಸ್‌ಟಿ (ಸರ್ವರ್‌ನಲ್ಲಿರುವ ಮೇಲ್‌ಗಳ ನಕಲು) ಆಗಿದ್ದರೆ ಅದನ್ನು ತೆಗೆದುಹಾಕಿ ಸರ್ವರ್‌ನಿಂದ ಹೊಸದಾಗಿ ಇಳಿಸಿಕೊಂಡು ಚಾ ಕುಡಿದು ಬರಬಹುದಿತ್ತು.

ಎಡವಿದ್ದು ನಾನೇ. ಸೀದಾ ಸ್ಕ್ಯಾನ್‌ಪಿಎಸ್‌ಟಿ, ಅಂದರೆ ಕೆಟ್ಟ ಪಿಎಸ್‌ಟಿ ರಿಪೇರಿ ಮಾಡುವ ಪ್ರೋಗ್ರಾಮ್, ಓಡಿಸಿದೆ. ರಿಪೇರಿಗೆ ಮೊದಲು ಬ್ಯಾಕಪ್ ಮಾಡಲಾ ಎಂದು ಅದು ಕೇಳುತ್ತದೆ, ಒಳ್ಳೆಯದೇ ಅಲ್ವಾ ಎಂದು ಟಿಕ್ ಹಾಕಿದೆ. ಆ ಬ್ಯಾಕಪ್ ಹೋಗುವುದು ಅದೇ ಡಿಸ್ಕಿಗೆ! ಸಾಯುತ್ತಿರುವ ಡಿಸ್ಕಿನ ಮೇಲೆ ಇನ್ನೂ 14 ಜಿಬಿ ಬರೆಸಲು ಹೊರಟಿದ್ದೆ. ಸ್ವಲ್ಪ ಹೊತ್ತಿಗೆ ಸಿಪಿಯು ಒಳಗಿಂದ ಟಕ್, ಟಕ್, ಟಕ್. ಆಗ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ರಿಪೋರ್ಟ್ ನೋಡಿದೆ. 'ಕರೆಂಟ್ ಪೆಂಡಿಂಗ್ ಸೆಕ್ಟರ್', ಅಂದರೆ ಓದಲು ಆಗದೆ ಬಾಕಿ ಬಿದ್ದಿರುವ ಜಾಗ, ಮುನ್ನೂರು ದಾಟಿತ್ತು. ಬಂದ ಕೂಡಲೇ ನೋಡಬೇಕಿದ್ದದ್ದು ಅದನ್ನು. ಮೆಷಿನ್ ಆಫ್ ಮಾಡಿ ಡಿಸ್ಕ್ ಬಿಚ್ಚಿದೆ.

ಧಣಿಗಳಿಗೆ ಒಂದೇ ಸಂಶಯ: ನಾಲ್ಕು ಸೆಕ್ಟರ್ ಹೋದರೆ ನಾಲ್ಕು ಮೇಲ್ ಹೋಗಬೇಕು, ಎಲ್ಲವೂ ಯಾಕೆ ಹೋಯಿತು? ಅವರ ಗೋದಾಮನ್ನೇ ತೋರಿಸಿದೆ. ಗೋಣಿ ಎಲ್ಲ ಇದ್ದಲ್ಲೇ ಉಂಟು. ಯಾವುದು ಎಲ್ಲಿದೆ ಎಂದು ಬರೆದ ಪುಸ್ತಕದ ಮೊದಲ ಹಾಳೆ ಹರಿದಿದೆ. ಪಿಎಸ್‌ಟಿಯ ಒಳಗೂ ಅಂಥದ್ದೊಂದು ಲೆಕ್ಕ ಇರುತ್ತದೆ, ಮರದ ಕೊಂಬೆಗಳ ಹಾಗೆ. ಬುಡದ ಹತ್ತಿರದ ಹಾಳೆ ಹೋದರೆ ಅದರ ಕೆಳಗಿನದ್ದು ಯಾವುದೂ ಸಿಗುವುದಿಲ್ಲ.

ಅಂಗಡಿಗೆ ತಂದು ಲಿನಕ್ಸ್ ಮೆಷಿನ್‌ಗೆ ಹಾಕಿ ಡಿಡಿರೆಸ್ಕ್ಯೂ ಬಿಟ್ಟೆ. ಅದು ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲ ಹೊಸ ಡಿಸ್ಕಿಗೆ ಎತ್ತಿಕೊಳ್ಳುತ್ತದೆ, ಹಟ ಮಾಡುವ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಎಲ್ಲಿವರೆಗೆ ಬಂತು ಎಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಎರಡು ರಾತ್ರಿ ಹಿಡಿಯಿತು. ಡಿಸ್ಕಿನ ಫೈಲ್ ಲೆಕ್ಕದ ತಪ್ಪು ಹುಡುಕಿ ತಿದ್ದುವ ಚೆಕ್‌ಡಿಸ್ಕನ್ನು ಕೂಡ ಈ ನಕಲಿನ ಮೇಲೇ ಓಡಿಸಿದ್ದು. ಹಳೆಯದರ ಮೇಲೆ ಓಡಿಸಿದ್ದರೆ ಇದ್ದದ್ದೂ ಹೋಗುತ್ತಿತ್ತೇನೋ.

ನಕಲಿನಿಂದ ಪಿಎಸ್‌ಟಿ ತೆಗೆದು, ಅದರದ್ದೂ ಒಂದು ಕಾಪಿ ಇಟ್ಟುಕೊಂಡು, ಮತ್ತೆ ಸ್ಕ್ಯಾನ್‌ಪಿಎಸ್‌ಟಿ. ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ ಅದು. ಮೂರನೇ ಸಲ ತಪ್ಪು ಕಡಿಮೆಯಾಯಿತು, ಐದನೇ ಸಲ ಏನೂ ತೋರಿಸಲಿಲ್ಲ. ಫೋಲ್ಡರ್ ತಪ್ಪಿದ ಮೇಲ್‌ಗಳು 'ಲಾಸ್ಟ್ ಆಂಡ್ ಫೌಂಡ್' ಎಂಬಲ್ಲಿ ರಾಶಿ ಬಿದ್ದಿದ್ದವು. ಎಲ್ಲವನ್ನೂ ಹೊಸ ಪಿಎಸ್‌ಟಿಗೆ ಸಾಗಿಸಿದೆ.

ಕೆಲವು ಅಟ್ಯಾಚ್‌ಮೆಂಟ್ ಮಾತ್ರ ಬರಲಿಲ್ಲ, ಅದರಲ್ಲಿ ಎರಡು ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿಗೆ ಸರಕು ಹಾಕಿದ್ದಕ್ಕೆ ಕೊಡುವ ರಸೀದಿ. ಮೊದಲ ದಿನ ನಾನು ಸುಮ್ನೆ ಓಡಿಸಿದ ಆ ಅರ್ಧ ಗಂಟೆಯಲ್ಲೇ ಹೋದವೋ, ಮೊದಲೇ ಹೋಗಿದ್ದವೋ, ಹೇಳಲಾರೆ. ಧಣಿಗಳಿಗೆ ಅದನ್ನೂ ಮುಚ್ಚಿಡದೆ ಹೇಳಿದೆ. ಅವರು ಶಿಪ್ಪಿಂಗ್ ಏಜೆಂಟರಿಗೆ ಫೋನ್ ಮಾಡಿ ಮತ್ತೆ ತರಿಸಿಕೊಂಡರು. ಬಿಲ್ಲಿನಲ್ಲಿ ಮೊದಲ ದಿನದ ವಿಸಿಟ್ ಚಾರ್ಜ್ ನಾನು ಹಾಕಲಿಲ್ಲ.