ಎತ್ತಿನ ಹಲ್ಲು, ದೋಣಿಯ ಡೆಕ್

ನಾನು ಕುಣಿಗಲ್ ಕಡೆಯವನು. ನೀರು ಅಂದರೆ ನಮಗೆ ಕೆರೆ, ಕೆರೆ ಅಂದರೆ ಎಮ್ಮೆ ಮೈ ತೊಳೆಯುವ ಜಾಗ. ಅಂಥವನು ಕ್ಯಾಲಿಫೋರ್ನಿಯಾದ ಬರ್ಕ್ಲಿ ಮರೀನಾದಲ್ಲಿ ಹಾಯಿದೋಣಿ ಕೊಳ್ಳುತ್ತೇನೆ ಅಂದಾಗ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ: "ಎತ್ತಾದ್ರೆ ಹಲ್ಲು ನೋಡ್ತೀವಿ. ಇದಕ್ಕೆ ಏನು ನೋಡ್ತೀಯಪ್ಪಾ?"

ಮೊದಲು ಹೊಸದನ್ನೇ ನೋಡಿದೆ. 30 ಅಡಿ, ಒಳಗೆಲ್ಲ ಹೊಸ ಕಾರಿನ ವಾಸನೆ. ಬೆಲೆ 1 ಲಕ್ಷ ಡಾಲರ್ ದಾಟಿ ಎಲ್ಲೋ ಮುಂದಕ್ಕೆ ಹೋಗಿತ್ತು. ಲಂಗರು, ರೇಡಿಯೋ, ಲೈಫ್ ಜಾಕೆಟ್ ಎಲ್ಲ ಅದರ ಮೇಲೆ! ಹಸು ಮಾರಿ ಮೂಗುದಾರಕ್ಕೆ ಬೇರೆ ದುಡ್ಡು ಕೇಳಿದ ಹಾಗೆ. ಸುಮ್ನೆ ಇಳಿದು ಬಂದೆ.

ಆಮೇಲೆ ಸಿಕ್ಕಿದ್ದು ಎಂಬತ್ತರ ದಶಕದ 28 ಅಡಿಯ ದೋಣಿ. ಒಳಗಿನ ತೇಗ ಪಾಲಿಶ್ ಆಗಿ ಫಳಫಳ. ನನಗಂತೂ ಅವತ್ತೇ ಚೆಕ್ ಬರೆಯುವ ಆತುರ. ಹೆಂಡತಿ ಬಿಡಲಿಲ್ಲ, ದೋಣಿ ಪರೀಕ್ಷೆ ಮಾಡುವ ಸರ್ವೇಯರ್ ಕರೆಸಿದಳು.

ಆ ಮುದುಕಪ್ಪ ತಂದದ್ದು ಒಂದು ಪ್ಲಾಸ್ಟಿಕ್ ಸುತ್ತಿಗೆ. ಮಂಡಿಯೂರಿ ಕುಳಿತು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ದೋಣಿಯ ಮೇಲಿನ ನೆಲವಾದ ಡೆಕ್ ಉದ್ದಕ್ಕೂ ತಟ್ಟುತ್ತಾ ಹೋದ. ಟಕ್, ಟಕ್, ಟಕ್. ಪಕ್ಕದ ಕಂಬಿಯ ಬುಡಕ್ಕೆ ಬಂದಾಗ ಡಬ್. ಇನ್ನೊಂದು ಗೇಣು ಆಚೆಗೂ ಡಬ್. ಡೆಕ್ ಅಂದರೆ ಎರಡು ಪದರ ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಮರ. ಕಂಬಿಯ ಬೋಲ್ಟ್ ತೂತಿನಿಂದ ವರ್ಷಗಟ್ಟಲೆ ನೀರು ಇಳಿದು ಮರ ಕೊಳೆತು ಮೆತ್ತಗಾಗಿತ್ತು. ಮೇಲಿನ ಪದರ ಕೊಯ್ದು, ಕೊಳೆತದ್ದು ಕೆರೆದು, ಹೊಸ ಮರ ಕೂರಿಸಬೇಕು. ದೋಣಿಗಿಂತ ರಿಪೇರಿಗೇ ಜಾಸ್ತಿ.

"ರೀ, ಸರ್ವೇಯರ್‌ಗೆ 700 ಡಾಲರ್ ಕೊಟ್ಟು ಬೇಡ ಅನ್ನಿಸ್ಕೊಂಡ್ರಾ?" ಅಂದಳು ಹೆಂಡತಿ. ಸರ್ವೇಯರ್ ಕರೆಸಿದ್ದು ಇವಳೇ ಅಲ್ವಾ! ಆದರೂ ಆ ವರ್ಷ ನಾನು ಚೆನ್ನಾಗಿ ಖರ್ಚು ಮಾಡಿದ ದುಡ್ಡು ಅದೇ.

ಕೊನೆಗೆ ಕೊಂಡದ್ದು 1984ರ ಕ್ಯಾಟಲೀನಾ 27. ಈ ಮಾದರಿ 6,000ಕ್ಕೂ ಜಾಸ್ತಿ ತಯಾರಾಗಿದೆ, ಹಾಗಾಗಿ ಬಿಡಿಭಾಗಕ್ಕೆ ಅಲೆಯಬೇಕಾಗಿಲ್ಲ. ಡೆಕ್ ಪೂರ್ತಿ ಟಕ್ ಟಕ್. ನೀರಿನಿಂದ ಮೇಲೆತ್ತಿಸಿ ತಳವನ್ನೂ, ತಳದ ಭಾರವಾದ ಕೀಲ್ ಹಿಡಿದಿಡುವ ಬೋಲ್ಟನ್ನೂ ನೋಡಿದೆವು. ಸಿಕ್ಕಿಬಿದ್ದದ್ದು ಹಾಯಿಮರ ಹಿಡಿದಿಡುವ ತಂತಿಗಳು. ಸರ್ವೇಯರ್ ಟಿಶ್ಯೂ ಕಾಗದ ಸವರಿದ. ಒಂದು ಕಡೆ ಅದು ಸಿಕ್ಕಿ ಹರಿಯಿತು. ಕೂದಲಿನಷ್ಟು ಸಣ್ಣ ಎಳೆ ಮುರಿದು ಹೊರಗೆ ಚಾಚಿತ್ತು. ಈ ತಂತಿಗಳನ್ನು 10-15 ವರ್ಷಕ್ಕೊಮ್ಮೆ ಬದಲಿಸಬೇಕು, ಮಾಲೀಕನ ಹತ್ತಿರ ಲೆಕ್ಕವೇ ಇರಲಿಲ್ಲ. ಅದೇ ನೆಪದಲ್ಲಿ 2,000 ಡಾಲರ್ ಇಳಿಸಿದೆ. ಹೊಸ ತಂತಿಗೆ ಅದಕ್ಕಿಂತ ಜಾಸ್ತಿಯೇ ಆಯಿತು ಅನ್ನುವುದು ಬೇರೆ ಮಾತು.

ಶನಿವಾರ, ಭಾನುವಾರ ಸ್ಪ್ಯಾನರ್ ಹಿಡಿಯಲು ಪುರುಸೊತ್ತಿಲ್ಲದವರು ದುಡ್ಡಿದ್ದರೆ ಹೊಸದೇ ತಗೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಕಲಿಯುವವರಿಗೆ ಹಳೆಯದೇ ವಾಸಿ. ಇಲ್ಲಿ ಬೇಸಿಗೆ ಮಧ್ಯಾಹ್ನ ಗೋಲ್ಡನ್ ಗೇಟ್ ಸಂದಿಯಿಂದ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ವೇಗದ ಗಾಳಿ ನುಗ್ಗುತ್ತದೆ. ಮೊದಲ ತಿಂಗಳಲ್ಲೇ ಎರಡು ಸಲ ಕಟ್ಟೆಗೆ ಗುದ್ದಿದೆ. ಹೊಸದಾಗಿದ್ದರೆ ನಿದ್ದೆ ಬರುತ್ತಿತ್ತಾ?

ಬಿಚ್ಚಿದ ತಂತಿಯ ತುಂಡನ್ನು ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ, ಇದೇ ನೋಡಿ ಇದರ ಹಲ್ಲು ಅಂತ. ಕನ್ನಡಕ ಏರಿಸಿ ನೋಡಿದರು.

"ನಮ್ಮ ಬಾವಿ ಹಗ್ಗವೇ ಇದಕ್ಕಿಂತ ಚೆನ್ನಾಗಿತ್ತಲ್ಲೋ," ಅಂದರು.