ಮೊದಲು ನಕಲು, ಆಮೇಲೆ ವಿಂಡೋಸ್

ಬುಧವಾರ, 12 ನವೆಂಬರ್ 2025

ಇವತ್ತಿನ ಕೆಲಸ: ಎಂಟನೇ ತಲೆಮಾರಿನ ಐ5 ಲ್ಯಾಪ್‌ಟಾಪ್, ಒಳಗೆ 1 ಟಿಬಿಯ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದರೆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ, ಕೊನೆಗೆ ನೀಲಿ ರಿಪೇರಿ ಪರದೆ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದೆ, ಪತ್ರಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಫೋಟೋಗಳು ಡೆಸ್ಕ್‌ಟಾಪ್ ತುಂಬ. ಬ್ಯಾಕಪ್ ಇಲ್ಲ.

ಇಂಥ ಯಂತ್ರ ಸಿಕ್ಕ ಕೂಡಲೇ ಹೆಚ್ಚಿನವರು ವಿಂಡೋಸ್‌ನದೇ ಡಿಸ್ಕ್ ತಪಾಸಣೆ, ಅಂದರೆ ಚೆಕ್‌ಡಿಸ್ಕ್ ಓಡಿಸುತ್ತಾರೆ. ಡಾಟಾ ಹೋಗುವುದು ಬಹಳ ಸಲ ಅಲ್ಲೇ. ಚೆಕ್‌ಡಿಸ್ಕ್‌ಗೆ ನಿಮ್ಮ ಕಡತಗಳ ಚಿಂತೆಯಿಲ್ಲ. ಕಡತ ವ್ಯವಸ್ಥೆಯ ಲೆಕ್ಕ ಸರಿಹೊಂದಿದರೆ ಅದಕ್ಕೆ ಸಾಕು. ಓದಲಾಗದ ದಾಖಲೆ ಸಿಕ್ಕರೆ ಆ ನಮೂದನ್ನೇ ಕಿತ್ತುಹಾಕಿ ಮುಂದೆ ಹೋಗುತ್ತದೆ, ಅದೂ ಸಾಯುತ್ತಿರುವ ಡಿಸ್ಕ್‌ನ ಮೇಲೆಯೇ ಬರೆಯುತ್ತ. ವಿಂಡೋಸ್ ಬೂಟ್ ಮಾಡಿ ಪೆನ್‌ಡ್ರೈವ್‌ಗೆ ಒಂದೊಂದೇ ಫೋಲ್ಡರ್ ಎಳೆಯುವುದೂ ಹೆಚ್ಚುಕಮ್ಮಿ ಅಷ್ಟೇ ಕೆಟ್ಟದ್ದು. ಕೆಟ್ಟ ಸೆಕ್ಟರ್ (ಡಿಸ್ಕ್‌ನ ಅತಿ ಚಿಕ್ಕ ತುಂಡು) ಎದುರಾದಾಗ ವಿಂಡೋಸ್ ಅದೇ ಜಾಗವನ್ನು ಮತ್ತೆ ಮತ್ತೆ ಕೆದಕುತ್ತದೆ. ಇಂಥ ಡಿಸ್ಕ್‌ನಲ್ಲಿ ಇನ್ನೆಷ್ಟು ಓದು ಉಳಿದಿದೆ ಎಂದು ಯಾರೂ ಹೇಳಲಾರರು. ಉಳಿದಿರುವಷ್ಟನ್ನು ಒಂದೇ ಪೂರ್ತಿ ನಕಲಿಗೆ ಖರ್ಚು ಮಾಡಬೇಕು. ರಿಪೇರಿ, ಹುಡುಕಾಟ, ಪ್ರಯೋಗ ಎಲ್ಲ ಆ ನಕಲಿನ ಮೇಲೆ.

ಹಿಂಬದಿಯ ಮುಚ್ಚಳ ತೆಗೆದು ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಡಿಸ್ಕ್ ಹೊರತೆಗೆದದ್ದು. ಯುಎಸ್‌ಬಿ ಅಡಾಪ್ಟರ್ ಬೇಡ, ಡೆಸ್ಕ್‌ಟಾಪ್‌ನ ಸಾಟಾ ಪೋರ್ಟ್‌ಗೇ ನೇರ ಜೋಡಿಸಿ. ಅಗ್ಗದ ಅಡಾಪ್ಟರ್ ಓದಲಾಗದ ಸೆಕ್ಟರ್ ಬಂದಾಗ ತಾನೇ ಹ್ಯಾಂಗ್ ಆಗುತ್ತದೆ. ಆಗ ತಪ್ಪು ಡಿಸ್ಕ್‌ನದೋ ಅಡಾಪ್ಟರ್‌ನದೋ ಗೊತ್ತಾಗುವುದಿಲ್ಲ.

ಬೂಟ್ ಮಾಡಿದ್ದು ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ. ಸಾಮಾನ್ಯ ಉಬುಂಟು ಲೈವ್ ಕೂಡ ನಡೆಯುತ್ತದೆ, ಆದರೆ ಅದರ ಡೆಸ್ಕ್‌ಟಾಪ್‌ನಲ್ಲಿ ಡಿಸ್ಕ್‌ನ ಐಕಾನ್ ಮೇಲೆ ಒಂದು ಕ್ಲಿಕ್ ಬಿದ್ದರೂ ಮೌಂಟ್ ಆಗಿ, ಅಂದರೆ ಬಳಕೆಗೆ ತೆರೆದುಕೊಂಡುಬಿಡುತ್ತದೆ. ಡಿಸ್ಕ್‌ನ ಆರೋಗ್ಯದ ಅಂಕಿಗಳನ್ನು ಓದುವ ಸ್ಮಾರ್ಟ್‌ಸಿಟಿಎಲ್ ಕೊಟ್ಟ ವರದಿ: 5ನೇ ಸಾಲು, ಅಂದರೆ ಮೀಸಲು ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರ್‌ಗಳು, 1,184. 197ನೇ ಸಾಲು, ಓದಲಾಗದೆ ಕಾಯುತ್ತಿರುವವು, 312. 198, ಸರಿಪಡಿಸಲಾಗದವು, ಕೂಡ 312. 199, ಕೇಬಲ್‌ನಲ್ಲಿ ಸಾಗುವಾಗಿನ ದೋಷ, ಸೊನ್ನೆ. ಈ 199 ಏರಿದ್ದರೆ ಮೊದಲು ಕೇಬಲ್ ಬದಲಿಸಿ ನೋಡುವುದು, ಡಿಸ್ಕ್ ಚೆನ್ನಾಗಿಯೇ ಇರಬಹುದು. ಇಲ್ಲಿ ಆ ಅದೃಷ್ಟವಿಲ್ಲ. ಶಬ್ದ ಮಾತ್ರ ಸಹಜವಾಗಿದೆ. ಟಕ್ ಟಕ್ ಎಂದು ಲಯಬದ್ಧವಾಗಿ ಬಡಿಯುತ್ತಿದ್ದರೆ ಆ ಕ್ಷಣವೇ ಪವರ್ ತೆಗೆದು ಕ್ಲೀನ್ ರೂಮ್ ಇರುವವರಿಗೆ ಕಳಿಸಬೇಕು, ಆಗ ಯಾವ ತಂತ್ರಾಂಶವೂ ಉಪಯೋಗಕ್ಕಿಲ್ಲ. ಫ್ರೀಜರ್‌ನಲ್ಲಿಟ್ಟು ತೆಗೆಯುವ ಉಪಾಯ ಇನ್ನೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹೊರಗೆ ತೆಗೆದ ಕೂಡಲೇ ತೇವ ಕೂತು, ಉಳಿದದ್ದೂ ಹೋಗುತ್ತದೆ.

ನಕಲಿಗೆ ಗ್ನೂ ಡಿಡಿರೆಸ್ಕ್ಯೂ. ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜಿನ ಹೆಸರು ಮಾತ್ರ ಜಿಡಿಡಿರೆಸ್ಕ್ಯೂ. ಅಡಿಗೆರೆ ಹಾಕಿಕೊಂಡ ಡಿಡಿ_ರೆಸ್ಕ್ಯೂ ಬೇರೆಯದೇ ತಂತ್ರಾಂಶ, ಆಯ್ಕೆಗಳೂ ಬೇರೆ. ಇಮೇಜ್ (ಇಡೀ ಡಿಸ್ಕ್‌ನ ನಕಲು, ಒಂದೇ ಕಡತವಾಗಿ) ಇಡಲು 2 ಟಿಬಿ ಡಿಸ್ಕ್, ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದ್ದು. 1 ಟಿಬಿ ಡಿಸ್ಕ್‌ನ ಇಮೇಜು ಇನ್ನೊಂದು 1 ಟಿಬಿ ಡಿಸ್ಕ್‌ನಲ್ಲಿ ಕಡತವಾಗಿ ಹಿಡಿಸುವುದಿಲ್ಲ, ಕಡತ ವ್ಯವಸ್ಥೆಗೇ ಒಂದಿಷ್ಟು ಜಾಗ ಬೇಕು. ಎಫ್‌ಎಟಿ32 ಆದರೆ 4 ಜಿಬಿಗೇ ಮುಗಿಯಿತು.

ಡಿಡಿರೆಸ್ಕ್ಯೂಗೆ ಕೊಡುವ ಆದೇಶದಲ್ಲಿ ಮೂರು ಹೆಸರು: ಮೂಲ, ಗುರಿ, ಮ್ಯಾಪ್ ಕಡತ. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕ್ ಮೇಲೆ ಕೂರುತ್ತದೆ. ಅದಕ್ಕೇ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆಯಲ್ಲಿ ಗಾತ್ರ, ಸೀರಿಯಲ್ ನಂಬರ್ ಎರಡನ್ನೂ ಡಿಸ್ಕ್ ಮೇಲಿನ ಚೀಟಿಯ ಜೊತೆ ತಾಳೆ ನೋಡುವುದು. ಲಿನಕ್ಸ್ ಕೊಡುವ ಎಸ್‌ಡಿಬಿ ಎಂಬಂಥ ಹೆಸರನ್ನು ನಂಬಬೇಡಿ. ಮಧ್ಯೆ ಡಿಸ್ಕ್ ಬಿಟ್ಟುಹೋಗಿ ಮರಳಿ ಬಂದರೆ ಅದೇ ಎಸ್‌ಡಿಸಿ ಆಗಿರಬಹುದು. ಬೈ-ಐಡಿ ಫೋಲ್ಡರ್‌ನಲ್ಲಿ (/dev/disk/by-id) ಇರುವ ಉದ್ದ ಹೆಸರು ಬದಲಾಗುವುದಿಲ್ಲ. ಇನ್ನು ಮ್ಯಾಪ್ ಕಡತ. ಎಲ್ಲಿ ಓದಿಯಾಯಿತು, ಎಲ್ಲಿ ಬಿಟ್ಟಿತು ಎಂಬ ಲೆಕ್ಕವೆಲ್ಲ ಇದರಲ್ಲೇ. ಕರೆಂಟ್ ಹೋದರೆ ಇದರಿಂದಲೇ ಮುಂದುವರಿಸಬಹುದು. ಲೈವ್ ಪೆನ್‌ಡ್ರೈವ್‌ನ ಹೋಮ್ ಫೋಲ್ಡರ್‌ನಲ್ಲಿ ಇಟ್ಟರೆ ಅದು ಇರುವುದು ರ‍್ಯಾಮ್‌ನಲ್ಲಿ. ರೀಬೂಟ್ ಆದರೆ ಮಾಯ. ಇಮೇಜ್ ಪಕ್ಕದಲ್ಲೇ ಇಡಿ.

ಮೊದಲ ಓಟಕ್ಕೆ ಸಣ್ಣ ಡಿ ಮತ್ತು ಸಣ್ಣ ಎನ್ ಆಯ್ಕೆಗಳು. ಡಿ ಎಂದರೆ ಲಿನಕ್ಸ್‌ನ ತಾತ್ಕಾಲಿಕ ಸಂಗ್ರಹ (ಕ್ಯಾಶ್) ಬಿಟ್ಟು ಡಿಸ್ಕ್‌ನಿಂದಲೇ ನೇರ ಓದು, ಎನ್ ಎಂದರೆ ಕೆಟ್ಟ ಜಾಗವನ್ನು ಈಗಲೇ ಕೆರೆಯಬೇಡ ಎಂದು. ಡಿಡಿರೆಸ್ಕ್ಯೂ ತೊಂದರೆ ಕಂಡಲ್ಲಿ ನಿಲ್ಲದೆ ಹಾರುತ್ತದೆ, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸಾಗಿ ಸುಲಭವಾದದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಡಿಸ್ಕ್ ಮಧ್ಯದಲ್ಲೇ ಸತ್ತರೂ ಅಷ್ಟಾದರೂ ಕೈಯಲ್ಲಿರುತ್ತದೆ.

ಒಟ್ಟು ಓದಬೇಕಾದದ್ದು 1,000,204,886,016 ಬೈಟ್. ಸೆಕೆಂಡಿಗೆ ಸರಾಸರಿ 80 ಎಂಬಿ ಸಿಕ್ಕರೆ ಮೂರೂವರೆ ಗಂಟೆ. ಆದರೆ ಮೊದಲ ಓಟಕ್ಕೇ ಆರು ಗಂಟೆ ಹಿಡಿಯಿತು. ಡಿಸ್ಕ್ ಅಲುಗಾಡದಂತೆ ಚಪ್ಪಟೆಯಾಗಿಟ್ಟು ಪಕ್ಕದಲ್ಲಿ ಟೇಬಲ್ ಫ್ಯಾನ್. ಮಧ್ಯೆ ಒಮ್ಮೆ ದೋಷದ ಅಂಕಿ ಚಿಮ್ಮಿ ಏರತೊಡಗಿತು. ಹೀಗೆ ಸೆಕೆಂಡಿಗೆ ನೂರಾರು ದೋಷ ಬಂದರೆ ಸೆಕ್ಟರ್‌ಗಳು ಕೆಟ್ಟಿವೆ ಎಂದಲ್ಲ, ಡಿಸ್ಕ್ ಸಂಪರ್ಕವನ್ನೇ ಬಿಟ್ಟಿದೆ ಎಂದರ್ಥ. ಕೂಡಲೇ ಕಂಟ್ರೋಲ್-ಸಿ, ಡಿಸ್ಕ್‌ನ ಪವರ್ ತೆಗೆದು ಎರಡು ನಿಮಿಷ ಬಿಟ್ಟು ಮತ್ತೆ. ಆ ಗಡಿಬಿಡಿಯಲ್ಲಿ ಸುಳ್ಳೇ ಕೆಟ್ಟದ್ದೆಂದು ಗುರುತಾದ ಭಾಗಗಳನ್ನು ದೊಡ್ಡ ಎಂ ಆಯ್ಕೆ ಮತ್ತೊಮ್ಮೆ ಅಂಚಿನಿಂದ ಓದಿಸುತ್ತದೆ.

ರಾತ್ರಿ ಎರಡನೇ ಓಟ: ಎನ್ ತೆಗೆದು, ಆರ್3 ಹಾಕಿ. ಈಗ ಉಳಿದ ಜಾಗವನ್ನು ಸೆಕ್ಟರ್ ಸೆಕ್ಟರ್ ಆಗಿ ಕೆರೆದು, ಸಿಗದ್ದನ್ನು ಇನ್ನೂ ಮೂರು ಸಲ ಪ್ರಯತ್ನಿಸುತ್ತದೆ. ಇದು ಬೆಳಗಾಗುವವರೆಗಿನ ಕೆಲಸ.

ಗುರುವಾರ, 13 ನವೆಂಬರ್

ಕೊನೆಗೂ ಸಿಗದೆ ಉಳಿದದ್ದು 2,184 ಕೆಬಿ. 4 ಕೆಬಿಯ ಸೆಕ್ಟರ್ ಲೆಕ್ಕದಲ್ಲಿ 546. ಇಷ್ಟು ಚಿಕ್ಕದಾದರೂ ಯಾವ ಕಡತದೊಳಗೆ ಬಿದ್ದಿದೆ ಎಂಬುದೇ ಪ್ರಶ್ನೆ. ಅದಕ್ಕೊಂದು ಒಳ್ಳೆಯ ದಾರಿಯಿದೆ: ಮ್ಯಾಪ್ ಕಡತದ ಪ್ರತಿ ಮಾಡಿಟ್ಟುಕೊಂಡು (ಈ ಹಂತ ಅದನ್ನು ತಿದ್ದುತ್ತದೆ), ಡಿಡಿರೆಸ್ಕ್ಯೂವಿನ ಫಿಲ್ ಮೋಡ್‌ನಲ್ಲಿ ಇಮೇಜಿನ ಕೆಟ್ಟ ಜಾಗಗಳಿಗಷ್ಟೇ ಯಾವುದಾದರೂ ವಿಚಿತ್ರ ಪದ ತುಂಬುವುದು, ಇಮೇಜನ್ನು ಓದಲು ಮಾತ್ರ ಎಂದು ಲೂಪ್ ಸಾಧನವಾಗಿ (ಕಡತವನ್ನೇ ಡಿಸ್ಕ್ ಎಂಬಂತೆ) ಮೌಂಟ್ ಮಾಡಿ, ಪದ ಹುಡುಕುವ ಗ್ರೆಪ್‌ನಲ್ಲಿ ಆ ಪದ ಹುಡುಕುವುದು. ಪದ ಸಿಕ್ಕ ಕಡತಗಳೇ ಗಾಯಗೊಂಡವು. ಇಲ್ಲಿ ಮೂರು ಫೋಟೋ, ಒಂದು ವಿಡಿಯೊ, ಉಳಿದದ್ದೆಲ್ಲ ವಿಂಡೋಸ್‌ನದೇ ಕಡತಗಳು. ಬೂಟ್ ಆಗದಿದ್ದುದಕ್ಕೂ ಅವೇ ಕಾರಣ.

ಫೋಲ್ಡರ್ ರಚನೆಯೇ ಹಾಳಾಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ, ಅದೂ ಆಗದಿದ್ದರೆ ಫೋಟೋರೆಕ್. ಫೋಟೋರೆಕ್ ಕಡತಗಳನ್ನು ತರುತ್ತದೆ, ಹೆಸರುಗಳನ್ನು ತರುವುದಿಲ್ಲ. ಸಾವಿರಾರು ಅಂಕಿ ಹೆಸರಿನ ಕಡತಗಳಲ್ಲಿ ಮದುವೆ ಫೋಟೋ ಹುಡುಕುವುದು ಬೇರೆಯೇ ಶಿಕ್ಷೆ. ವಿಂಡೋಸ್‌ನ ಡಿಸ್ಕ್ ಬೀಗ ಬಿಟ್‌ಲಾಕರ್ ಇದ್ದಿದ್ದರೆ ಇಮೇಜ್ ತೆಗೆದ ಮೇಲೂ 48 ಅಂಕಿಯ ಕೀ ಬೇಕಿತ್ತು, ಅದಿಲ್ಲದೆ ಏನೂ ಇಲ್ಲ.

ಏನೇನು ಎತ್ತಿಕೊಳ್ಳಬೇಕು ಎಂಬಲ್ಲಿ ಹೆಚ್ಚು ತಪ್ಪಾಗುತ್ತದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತವೆ. ಟ್ಯಾಲಿಪ್ರೈಮ್‌ನ ಡಾಟಾ ಇರುವುದು ಬಳಕೆದಾರರ ಫೋಲ್ಡರ್‌ನಲ್ಲಲ್ಲ, ಯೂಸರ್ಸ್ ಒಳಗಿನ ಪಬ್ಲಿಕ್‌ನಲ್ಲಿ. ಪ್ರತಿ ಕಂಪನಿಗೂ 10000ದಂಥ ಅಂಕಿ ಹೆಸರಿನ ಫೋಲ್ಡರ್. ಕ್ರೋಮ್‌ನ ಬುಕ್‌ಮಾರ್ಕ್ ಕಡತ ನಕಲಾಗುತ್ತದೆ, ಪಾಸ್‌ವರ್ಡ್ ಕಡತ ನಕಲಾದರೂ ತೆರೆಯುವುದಿಲ್ಲ. ಹಳೆ ವಿಂಡೋಸ್ ಖಾತೆಯ ಕೀಗೆ ಕಟ್ಟಿಹಾಕಿರುತ್ತದೆ.

ಮತ್ತೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್. ನುಡಿಯ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಅಕ್ಷರ ಸಂಕೇತ) ಅಲ್ಲ. ಕಡತದೊಳಗಿರುವುದು ಇಂಗ್ಲಿಷ್, ಫ್ರೆಂಚ್ ಅಕ್ಷರಗಳ ಕಲಸುಮೇಲೋಗರ, ಅದಕ್ಕೆ ಕನ್ನಡದ ವೇಷ ಹಾಕುವುದು ಆ ಫಾಂಟ್. ಹೊಸ ವಿಂಡೋಸ್‌ನ ನಿರ್ಮಲಾ ಯುಐ ಫಾಂಟ್ ಇದನ್ನು ಕನ್ನಡವಾಗಿ ತೋರಿಸಲಾರದು. ಫಾಂಟ್ ಇಲ್ಲದೆ ತೆರೆದವರು ಕಡತ ಹಾಳಾಗಿದೆ ಎಂದುಕೊಂಡು ಅಳಿಸಿಬಿಡುವುದುಂಟು. ನುಡಿ, ಬರಹದ ಹೆಸರಿರುವ ಟಿಟಿಎಫ್‌ಗಳನ್ನೆಲ್ಲ ಬೇರೆ ಫೋಲ್ಡರ್‌ಗೆ ಹಾಕಿದ್ದಾಯಿತು. ಇಂಥ ಪತ್ರಗಳೊಳಗೆ ಯೂನಿಕೋಡ್ ಕನ್ನಡ ಪದ ಕೊಟ್ಟು ಹುಡುಕಿದರೂ ಏನೂ ಸಿಗದು ಎನ್ನುವುದು ನೆನಪಿರಲಿ.

ಇನ್ನು ಅನುಸ್ಥಾಪನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಂಟನೇ ತಲೆಮಾರು 11ಕ್ಕೆ ಅರ್ಹ. ಹೊಸ 500 ಜಿಬಿ ಸಾಟಾ ಎಸ್‌ಎಸ್‌ಡಿ, 7 ಮಿಮೀ ದಪ್ಪದ್ದು, ಹಳೆ ಡಿಸ್ಕ್ ಕೂತಿದ್ದ ಚೌಕಟ್ಟಿಗೇ (ಕ್ಯಾಡಿ) ಕೂರುತ್ತದೆ. ಹಳೆ ಡಿಸ್ಕ್ ಯಂತ್ರದಲ್ಲಿ ಬೇಡವೇ ಬೇಡ. ಎರಡೂ ಇದ್ದರೆ ಅನುಸ್ಥಾಪಕ ಬೂಟ್ ವಿಭಾಗವನ್ನು ಹಳೆಯದರಲ್ಲಿ ಇಟ್ಟುಬಿಡಬಹುದು, ಅದನ್ನು ಕಿತ್ತ ದಿನ ಹೊಸದೂ ಏಳುವುದಿಲ್ಲ.

ಅನುಸ್ಥಾಪನೆಯ ಪೆನ್‌ಡ್ರೈವ್ ತಯಾರಿಸುವ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ಗೆ 8 ಜಿಬಿ ಪೆನ್‌ಡ್ರೈವ್ ಸಾಕು. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್‌ನ ಕೀ ಬಯಾಸ್‌ನಲ್ಲೇ ಇರುತ್ತದೆ, ಆವೃತ್ತಿಯೂ ತಾನಾಗಿ ಆಯ್ಕೆಯಾಗುತ್ತದೆ. ನಮ್ಮಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಅದರ ಮೇಲೆ ಪ್ರೊ ಹಾಕಿದರೆ ಆ್ಯಕ್ಟಿವೇಟ್ ಆಗುವುದಿಲ್ಲ. ಆಮೇಲೆ ಕ್ರ್ಯಾಕ್ ಹುಡುಕುತ್ತ ಕೂರುವವರು ಹೆಚ್ಚಾಗಿ ಇಲ್ಲಿ ಎಡವಿದವರೇ. ಮಧ್ಯದಲ್ಲಿ ಇಂಟರ್ನೆಟ್ ಕೇಳಿದಾಗ ವೈಫೈ ಡ್ರೈವರ್ ಇಲ್ಲದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರಾಯಿತು. ಇಡೀ ಕೆಲಸ ಅರ್ಧ ಗಂಟೆ, ಅಪ್‌ಡೇಟ್‌ಗೆ ಇನ್ನೊಂದು ಗಂಟೆ.

ಕೊನೆಗೆ ಫಾಂಟ್, ಟ್ಯಾಲಿ, ಕಡತಗಳು, ಈ ಕ್ರಮದಲ್ಲಿ. ಟ್ಯಾಲಿ ಲೈಸೆನ್ಸ್ ಹಳೆ ವಿಂಡೋಸ್‌ನಿಂದ ಸರೆಂಡರ್ ಆಗಿಲ್ಲವಾದ್ದರಿಂದ (ಬಿಟ್ಟುಕೊಟ್ಟಿಲ್ಲ) ಸೀರಿಯಲ್ ನಂಬರ್, ನೋಂದಾಯಿತ ಇಮೇಲ್ ಎರಡನ್ನೂ ಇಟ್ಟುಕೊಂಡು ರೀಸೆಟ್ ಮಾಡಿಸಬೇಕು. ಜಿಎಸ್‌ಟಿಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ಗೆ ಡ್ರೈವರ್ ಮತ್ತೆ ಹಾಕಬೇಕು, ಕೀ ಟೋಕನ್‌ನೊಳಗೇ ಇದೆ. ಮಾಲೀಕರು ಒಂದೊಂದಾಗಿ ತೆರೆದು ನೋಡಿ ಸರಿಯಿದೆ ಎನ್ನುವವರೆಗೆ ಇಮೇಜ್ ಮತ್ತು ಮ್ಯಾಪ್ ಅಳಿಸುವಂತಿಲ್ಲ. ಹಳೆ ಡಿಸ್ಕ್‌ಗೆ ದಿನಾಂಕ ಬರೆದು ಚೀಟಿ ಅಂಟಿಸಿದೆ: ‘ಕೆಟ್ಟಿದೆ, ಜೋಡಿಸಬೇಡಿ’.